ಬೆಳಗಾವಿ ರಾಜ್ಯೋತ್ಸವಕ್ಕೆ ಇಷ್ಟು ಜನ ಯಾಕೆ ಸೇರ್ತಾರೆ?

ಅಕ್ಟೋಬರ್ 31ರ ರಾತ್ರಿ 12 ಹೊಡೆಯುವ ಹೊತ್ತಿಗೆ ಬೆಳಗಾವಿಯ ರಾಣಿ ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಳದಿ-ಕೆಂಪು ಬಾವುಟ, ಪಟಾಕಿ, ಡೊಳ್ಳು. ಮರುದಿನದ ಮೆರವಣಿಗೆಗೆ ಬೈಲಹೊಂಗಲ, ಸವದತ್ತಿ, ಗೋಕಾಕ, ಚಿಕ್ಕೋಡಿ ಕಡೆಯ ಹುಡುಗರು ಗಾಡಿ ಮಾಡಿಕೊಂಡು ಬರುತ್ತಾರೆ. ಹುಕ್ಕೇರಿ ಹಿರೇಮಠದ ವತಿಯಿಂದ ಹೋಳಿಗೆ ಊಟ ಇರುತ್ತದೆ. ರೂಪಕದ ವಾಹನಗಳು ಒಂದರ ಹಿಂದೆ ಒಂದು ಸಾಗಿ ಮುಗಿಯುವಷ್ಟರಲ್ಲಿ ಮತ್ತೆ ಕತ್ತಲಾಗಿರುತ್ತದೆ. ಬೆಂಗಳೂರಿನಲ್ಲಿ ನವೆಂಬರ್ 1 ಅಂದರೆ ಮುಖ್ಯವಾಗಿ ಸರ್ಕಾರದ ಕಾರ್ಯಕ್ರಮ, ಪ್ರಶಸ್ತಿ ಪಟ್ಟಿ. ಇಲ್ಲಿ ಜನ ತಾವಾಗಿಯೇ ಬೀದಿಗೆ ಬರುತ್ತಾರೆ.

ಇದಕ್ಕೆ ಮಹಾರಾಷ್ಟ್ರದ ಜೊತೆಗಿನ ಗಡಿ ಜಗಳವೇ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ಮಾತ್ರ. ಗಡಿ ಅನ್ನುವುದು ಹುಟ್ಟುವುದಕ್ಕೂ ಮೊದಲೇ ಕನ್ನಡ ನಾಡು ಒಂದಾಗಬೇಕು ಅನ್ನುವ ಆಸೆ ಈ ಊರಿನಲ್ಲಿತ್ತು.

ಬ್ರಿಟಿಷರ ಕಾಲದ ನಕ್ಷೆ ನೋಡಿದರೆ ಬೇಜಾರಾಗುತ್ತದೆ. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಮುಂಬೈ ಪ್ರಾಂತ್ಯದಲ್ಲಿ. ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲಿ. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗದಂಥ ಚಿಕ್ಕ ಸಂಸ್ಥಾನಗಳು. ಬೆಳಗಾವಿಯ ಕನ್ನಡಿಗರಿಗೆ ಕಚೇರಿಯಲ್ಲೂ ಪೇಟೆಯಲ್ಲೂ ಮರಾಠಿಯೇ ಜಾಸ್ತಿ ಕಿವಿಗೆ ಬೀಳುತ್ತಿತ್ತು. ಹಳ್ಳಿಯಿಂದ ಓದಲು ಬಂದ ಕನ್ನಡದ ಬಡ ಹುಡುಗರಿಗೆ ಉಳಿಯಲು ಜಾಗ, ತಿನ್ನಲು ಅನ್ನ ಸಿಗುವುದೇ ಕಷ್ಟ. 1916ರಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆಎಲ್‌ಇ (ಕರ್ನಾಟಕ ಲಿಂಗಾಯತ ಎಜುಕೇಶನ್) ಎಂಬ ಶಿಕ್ಷಣ ಸಂಸ್ಥೆ ಕಟ್ಟಿದರು. ನಾಗನೂರು ರುದ್ರಾಕ್ಷಿ ಮಠದ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದ ನಿಲಯ, ಅಂದರೆ ಊಟ-ವಸತಿಯ ವಿದ್ಯಾರ್ಥಿ ನಿಲಯ ನಡೆಸಿದರು. ಇಂದಿನ ಶಿವಬಸವ ನಗರ ಅವರ ಹೆಸರಿನದೇ. ರಾಜ್ಯೋತ್ಸವದ ಭಾಷಣಗಳಲ್ಲಿ ಹೋರಾಟಗಾರರ ಹೆಸರು ಬರುತ್ತದೆ. ಊಟ ಹಾಕಿ ಓದಿಸಿದವರ ಹೆಸರು ಕಡಿಮೆ ಕೇಳುತ್ತದೆ. ನನಗೆ ಈ ಎರಡೂ ಒಂದೇ ಕೆಲಸವಾಗಿ ಕಾಣುತ್ತವೆ.

ಆಮೇಲೆ ಬಂತು 1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯ ಟಿಳಕವಾಡಿಯಲ್ಲಿ. ಅಧಿವೇಶನದ ಜಾಗಕ್ಕೆ ಇಟ್ಟ ಹೆಸರು ವಿಜಯನಗರ. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಅಂದರು. ದೇಶದ ಮೂಲೆಮೂಲೆಯಿಂದ ಬಂದ ನಾಯಕರಿಗೆ ಹಂಪಿಯ ನೆನಪು ಮಾಡಿಕೊಡುವ ಈ ಹೆಸರುಗಳನ್ನು ಸುಮ್ನೆ ಇಡಲಿಲ್ಲ. ಕನ್ನಡಿಗರಿಗೂ ಒಂದು ದೊಡ್ಡ ನಾಡಿತ್ತು, ಈಗ ಅದು ಚೂರುಚೂರಾಗಿದೆ ಎಂದು ಎಲ್ಲರಿಗೂ ಗೊತ್ತಾಗಬೇಕಿತ್ತು.

ಆ ವೇದಿಕೆಯಲ್ಲಿ ಗದುಗಿನ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡು ಮೊಳಗಿತು. ನಾಡು ಇನ್ನೂ ಹುಟ್ಟಿರಲಿಲ್ಲ, ಹಾಡು ಮೊದಲು ಬಂತು! ಎಳೆಯ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಕೂಡ ಅಲ್ಲಿ ಗಾಂಧೀಜಿ ಎದುರು ಹಾಡಿದರು. ಇದೇ ಸಂದರ್ಭದಲ್ಲಿ, ಇದೇ ಊರಿನಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಅಧಿವೇಶನ ಎಲ್ಲರಿಗೂ ಗೊತ್ತು, ಪರಿಷತ್ತು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ರಾಜ್ಯದ ಮಟ್ಟಿಗೆ ಎರಡನೆಯದೇ ದೊಡ್ಡದು ಅಲ್ವಾ?

ಅಧಿವೇಶನದ ಹೊಣೆ ಹೊತ್ತವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಜನ ಅವರನ್ನು ‘ಕರ್ನಾಟಕ ಸಿಂಹ’ ಎಂದು ಕರೆದರು. ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರೂ ಅವರೇ. ಅವರು ತಮ್ಮ ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಬೆಳಗಾವಿ ಎಂಥ ಊರು ಅಂತ ಯಾರಾದರೂ ಕೇಳಿದರೆ ನಾನು ಇವರ ಹೆಸರನ್ನೇ ಹೇಳುತ್ತೇನೆ. ಎರಡು ಭಾಷೆ ಇಲ್ಲಿ ಒಂದೇ ಮನೆಯಲ್ಲಿ, ಒಂದೇ ನಾಲಿಗೆಯಲ್ಲಿ ಇದ್ದವು, ಈಗಲೂ ಇವೆ. ಜಗಳ ರಾಜ್ಯಗಳ ಲೆಕ್ಕಾಚಾರದಿಂದ ಬಂತು.

ಆ ಲೆಕ್ಕಾಚಾರ ಶುರುವಾದದ್ದು ಸ್ವಾತಂತ್ರ್ಯದ ನಂತರ. ಭಾಷೆಯ ಮೇಲೆ ರಾಜ್ಯ ಕಟ್ಟಬೇಕೆಂಬ ಬೇಡಿಕೆ ಜೋರಾದಾಗ ಕೇಂದ್ರವು 1953ರಲ್ಲಿ ರಾಜ್ಯಗಳ ಪುನರ್ವಿಂಗಡಣೆಗೆ ಫಜಲ್ ಅಲಿ ಆಯೋಗ ನೇಮಿಸಿತು. 1955ರ ವರದಿ ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯನ್ನು ಕನ್ನಡ ರಾಜ್ಯಕ್ಕೆ ಸೇರಿಸಲು ಹೇಳಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಅದೇ ದಿನವನ್ನು, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ‘ಕರಾಳ ದಿನ’ ಎಂದು ಆಚರಿಸುತ್ತ ಬಂತು. ಹಾಗಾಗಿ ಬೆಳಗಾವಿಯಲ್ಲಿ ನವೆಂಬರ್ 1ಕ್ಕೆ ಎರಡು ಮುಖ. ಒಂದು ಕಡೆ ಕಪ್ಪು ಪಟ್ಟಿ, ಇನ್ನೊಂದು ಕಡೆ ಹಳದಿ-ಕೆಂಪು ಶಾಲು.

ಮಹಾರಾಷ್ಟ್ರದ ಒತ್ತಾಯದಿಂದ 1966ರಲ್ಲಿ ಗಡಿ ಜಗಳ ಬಗೆಹರಿಸಲು ಮಹಾಜನ್ ಆಯೋಗ ರಚನೆಯಾಯಿತು. ಮರುವರ್ಷ ವರದಿ ಬಂತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಉಳಿಯಲಿ, 264 ಹಳ್ಳಿ ಮಹಾರಾಷ್ಟ್ರಕ್ಕೆ ಹೋಗಲಿ, ಅಲ್ಲಿಂದ 247 ಹಳ್ಳಿ ಇತ್ತ ಬರಲಿ ಎಂಬುದು ಅದರ ಸಲಹೆ. ಆಯೋಗ ಕೇಳಿದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ. 2004ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು.

ಇಲ್ಲಿ ಹೆಸರಿನ ಕಥೆಯನ್ನೂ ಹೇಳಬೇಕು. 1956ರಲ್ಲಿ ನಾಡು ಒಂದಾಯಿತು, ಆದರೆ ಹೆಸರು ಮೈಸೂರು ರಾಜ್ಯ ಅಂತಲೇ ಉಳಿಯಿತು. ಉತ್ತರದ ಕಡೆಯವರಿಗೆ ಇದು ಸಣ್ಣ ವಿಷಯ ಆಗಿರಲಿಲ್ಲ. ಮುಂಬೈಯವರು ಅನ್ನಿಸಿಕೊಂಡಿದ್ದ ನಾವು ಈಗ ಮೈಸೂರಿನವರು ಅನ್ನಿಸಿಕೊಳ್ಳಬೇಕಾ ಎಂಬ ಕೊರಗು ಅದು. ಕರ್ನಾಟಕ ಎಂಬ ಹೆಸರಿಗಾಗಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಹಟ ಹಿಡಿದು ಹೋರಾಡಿದರು. 1973ರ ನವೆಂಬರ್ 1ರಂದು ದೇವರಾಜ ಅರಸು ಕಾಲದಲ್ಲಿ ಆ ಹೆಸರು ಬಂದಾಗ ದೊಡ್ಡಮೇಟಿಯವರು ಬದುಕಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. 2023ರಲ್ಲಿ ‘ಕರ್ನಾಟಕ ಸಂಭ್ರಮ 50’ ಹೆಸರಿನಲ್ಲಿ ರಾಜ್ಯವೆಲ್ಲ ಹಬ್ಬ ಮಾಡಿತು. ‘ಹೆಸರಾಯಿತು ಕರ್ನಾಟಕ, ಉಸಿರಾಗಲಿ ಕನ್ನಡ’ ಎಂಬ ಸಾಲು ಎಲ್ಲ ಕಡೆ ಕಂಡಿತು. ಈ ಐವತ್ತರ ಬೆಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಒಂದು ತೂಕ ಜಾಸ್ತಿಯೇ ಗೊತ್ತು ಅಂತ ನಾನು ನಂಬಿದ್ದೇನೆ.

ಹಬ್ಬ ಈಗಿನ ರೂಪಕ್ಕೆ ಬಂದದ್ದರ ಹಿಂದೆ 2005ರ ನಂತರದ ಕೆಲವು ಘಟನೆಗಳಿವೆ. ಆ ವರ್ಷ ಬೆಳಗಾವಿ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರಬೇಕೆಂದು ಠರಾವು ಮಾಡಿತು. ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. 2006ರಲ್ಲಿ ವಿಧಾನಮಂಡಲ ಅಧಿವೇಶನ ಮೊದಲ ಸಲ ಇಲ್ಲಿ ಸೇರಿತು. 2011ರಲ್ಲಿ ವಿಶ್ವ ಕನ್ನಡ ಸಮ್ಮೇಳನ, 2012ರಲ್ಲಿ ಸುವರ್ಣ ವಿಧಾನಸೌಧ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಸರ್ಕಾರ ಒಂದೊಂದು ಹೆಜ್ಜೆ ಇಟ್ಟ ಹಾಗೆ ಜನರ ಧೈರ್ಯವೂ ಬೆಳೆಯಿತು. ಹಳ್ಳಿಗಳಿಂದ ಬರುವ ಹುಡುಗರ ಸಂಖ್ಯೆಯೂ ಏರಿತು.

ಈ ಹುಡುಗರ ಉತ್ಸಾಹ ನನಗೆ ಇಷ್ಟ. ಡಿಜೆ ಸದ್ದಿನ ಬಗ್ಗೆ ಹಿರಿಯರು ಗೊಣಗುವುದೂ ಸರಿಯೇ, ಆಸ್ಪತ್ರೆ ಪಕ್ಕದಲ್ಲೂ ಆ ಸದ್ದು ಯಾಕೆ ಬೇಕು? ಅದಕ್ಕಿಂತ ಹೆಚ್ಚಾಗಿ ನನಗೆ ಕಾಡುವುದು ಬೇರೆ. ರೂಪಕಗಳಲ್ಲಿ ಕಿತ್ತೂರು ಚನ್ನಮ್ಮ, ಸಂಗೊಳ್ಳಿ ರಾಯಣ್ಣ, ಬಸವಣ್ಣ ಇರುತ್ತಾರೆ, ಇರಲೇಬೇಕು. ಕಂಬಳಿಯವರು, ಹುಯಿಲಗೋಳರು, ಶಿವಬಸವ ಸ್ವಾಮಿಗಳು, ದೊಡ್ಡಮೇಟಿಯವರೂ ಇರಲಿ. ಗಂಗಾಧರರಾಯರ ರೂಪಕ ಒಂದಿದ್ದರೆ ಮರಾಠಿ ಮನೆಗಳ ಮಕ್ಕಳೂ ಗುರುತು ಹಿಡಿದು ನೋಡುತ್ತಾರೆ. ಅಂದಿನ ಪಂಪಾ ಸರೋವರ, ಅಂದರೆ ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಬಳಿ ಈಗ ಆ ಅಧಿವೇಶನದ ಸ್ಮಾರಕವಾದ ವೀರಸೌಧವಿದೆ. ನವೆಂಬರ್ 1ರ ಬೆಳಿಗ್ಗೆ ಮೆರವಣಿಗೆಗೂ ಮೊದಲು ಶಾಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಹುಯಿಲಗೋಳರ ಹಾಡನ್ನು ಅದು ಮೊಳಗಿದ ನೆಲದಲ್ಲೇ ಹಾಡಿಸಬಹುದು. ಅದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಕನ್ನಡ ಸಂಘಟನೆಗಳು ಮುಂದಿನ ಪೂರ್ವಭಾವಿ ಸಭೆಯಲ್ಲಿ ಇದನ್ನು ಜಿಲ್ಲಾಡಳಿತದ ಮುಂದೆ ಇಡಬೇಕು.