ಹೊಟ್ಟೆ ಕೆಟ್ಟಿತು, ದೂರು ಕೆಡದಿರಲಿ

ಗ್ರಾಹಕ ಆಯೋಗದಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ಹೊಟ್ಟೆಯ ತಕರಾರು ಹೊತ್ತು ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ಚಾಚುತ್ತಾರೆ. ಅದರಲ್ಲಿ ಅರ್ಧ ಕಚ್ಚಿದ ಬರ್ಗರಿನ ಚಿತ್ರವಿರುತ್ತದೆ, ಜೊತೆಗೆ ಕಂಪನಿಗೆ ಕಳುಹಿಸಿದ ಬೈಗುಳವೂ ಇರುತ್ತದೆ. “ಇದನ್ನೇ ತಿಂದದ್ದು ಸರ್, ರಾತ್ರಿಯೆಲ್ಲ ವಾಂತಿ.” ನಾನು ಕೇಳುವ ಮೊದಲ ಪ್ರಶ್ನೆ ಅವರಿಗೆ ಹಿಡಿಸುವುದಿಲ್ಲ: “ಮೊನ್ನೆ ಏನು ತಿಂದಿರಿ?”

ಕೊನೆಯ ತುತ್ತಿನ ಮೇಲೆಯೇ ತಪ್ಪು ಹೊರಿಸುವುದು ಎಲ್ಲರ ಅಭ್ಯಾಸ. ರೋಗಾಣುಗಳ ಲೆಕ್ಕವೇ ಬೇರೆ. ಸ್ಟೆಫೈಲೊಕಾಕಸ್ ಆಹಾರದಲ್ಲಿ ಬಿಟ್ಟ ವಿಷವಾದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನೊರೊವೈರಸ್ 12ರಿಂದ 48 ಗಂಟೆ ತೆಗೆದುಕೊಳ್ಳುತ್ತದೆ, ಸಾಲ್ಮೊನೆಲ್ಲಾ ಆರು ಗಂಟೆಯಿಂದ ಆರು ದಿನದವರೆಗೂ ಹೊಂಚು ಹಾಕಬಹುದು. ಎದುರುದಾರರ ವಕೀಲರಿಗೆ ಇದೆಲ್ಲ ಬಾಯಿಪಾಠ. “ಎರಡು ದಿನ ಮೊದಲು ಮದುವೆ ಊಟ ಮಾಡಿದ್ದಿರಾ?” ಎಂಬ ಒಂದೇ ಪ್ರಶ್ನೆಗೆ ಕೇಸು ಕುಸಿದದ್ದನ್ನು ಕಂಡಿದ್ದೇನೆ. ಆ ಕೇಸು ನನ್ನದೇ ಆಗಿತ್ತು.

ಆಮೇಲೆ ಬಂದ ಒಂದು ಮನೆಯವರಿಂದ ನಾನು ಹೆಚ್ಚು ಕಲಿತೆ. ಶನಿವಾರ ರಾತ್ರಿ ಚಿಕನ್ ಬರ್ಗರ್ ತರಿಸಿಕೊಂಡಿದ್ದರು. ತಿಂದ ಮೂವರೂ ಬೆಳಗಿನ ಜಾವಕ್ಕೆ ವಾಂತಿಯಿಂದ ಹಾಸಿಗೆ ಹಿಡಿದಿದ್ದರು. ಆಲೂ ಫ್ರೈಸ್ ಮಾತ್ರ ತಿಂದ ಚಿಕ್ಕ ಹುಡುಗನಿಗೆ ಏನೂ ಆಗಲಿಲ್ಲ. ಅಜ್ಜಿಗೆ ಶನಿವಾರ ಒಪ್ಪತ್ತು. ರಾತ್ರಿ ಅವಲಕ್ಕಿ ತಿಂದು ಅದೇ ಮನೆಯ ಅದೇ ನೀರು ಕುಡಿದಿದ್ದರು, ಅವರೂ ಗಟ್ಟಿಯಾಗಿದ್ದರು. ಕಾಯಿಲೆ ಬಿದ್ದವರಷ್ಟೇ ಬೀಳದವರೂ ಸಾಕ್ಷಿ ಎಂಬುದು ನಮ್ಮ ಕಕ್ಷಿದಾರರಿಗೆ ಹೊಳೆಯುವುದೇ ಇಲ್ಲ. ಯಾರು ಏನು ತಿಂದರು, ಏನು ಬಿಟ್ಟರು, ಎಷ್ಟು ಹೊತ್ತಿಗೆ ಹೊಟ್ಟೆ ನುಲಿಯಿತು ಎಂದು ಹಿಂದಿನ ಮೂರು ದಿನಗಳ ಊಟದ ಪಟ್ಟಿಯನ್ನು ಅಂದೇ ಬರೆದಿಡಿ. ತಿಂಗಳ ನಂತರ ನೆನಪಿಸಿಕೊಂಡದ್ದಕ್ಕೆ ಆ ಬೆಲೆ ಇರುವುದಿಲ್ಲ.

ವೈದ್ಯರ ಬಳಿಗೆ ಹೋಗುವುದು ಮೊದಲು ಜೀವಕ್ಕಾಗಿ, ಆಮೇಲೆ ದಾಖಲೆಗಾಗಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತುಹೋಗುವುದು ಕಂಡರೆ ಬಿಲ್ಲು ಹುಡುಕುತ್ತಾ ಕೂರಬೇಡಿ. ಮಲಪರೀಕ್ಷೆ ಅಗತ್ಯವೇ ಎಂದು ಕೇಳಿ. ಮಾಡಿಸುವುದಾದರೆ ಆ್ಯಂಟಿಬಯೋಟಿಕ್ ಮೊದಲ ಗುಳಿಗೆ ನುಂಗುವ ಮುನ್ನವೇ ಮಾದರಿ ಕೊಡುವುದು ಒಳ್ಳೆಯದು, ನಂತರ ಕಲ್ಚರ್‌ನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ರೋಗಾಣು ಸಿಗದೆ ಹೋಗಬಹುದು. ‘ಹೊಟ್ಟೆನೋವು’ ಎಂದಷ್ಟೇ ಬರೆದ ಚೀಟಿಯಿಂದ ಆಯೋಗದಲ್ಲಿ ಏನೂ ಗಿಟ್ಟುವುದಿಲ್ಲ.

ಉಳಿದ ತುಂಡನ್ನು ಪೊಟ್ಟಣದ ಸಮೇತ ಫ್ರಿಜ್ಜಿನಲ್ಲಿಡಿ, ಯಾರೂ ಮುಟ್ಟದಂತೆ ಚೀಟಿ ಅಂಟಿಸಿ. ಆದರೆ ಅದನ್ನೇ ಬ್ರಹ್ಮಾಸ್ತ್ರ ಎಂದು ನಂಬಬೇಡಿ. ನಿಮ್ಮ ಮನೆಯಲ್ಲಿಯೇ ಕೆಟ್ಟಿತು ಎನ್ನಲು ಎದುರುದಾರರಿಗೆ ಎಷ್ಟು ಹೊತ್ತು ಬೇಕು? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯಲ್ಲೇ ಮಾದರಿ ತೆಗೆದು, ನಾಲ್ಕು ಭಾಗ ಮಾಡಿ ಮೊಹರು ಹಾಕಿದರೆ ಅದಕ್ಕೆ ತೂಕ. ಹಾಗಾಗಿ ಕಂಪನಿಯ ಗ್ರಾಹಕ ಸೇವೆ ಉತ್ತರಿಸಲಿ ಎಂದು ವಾರ ಕಾಯುವುದು ದೊಡ್ಡ ತಪ್ಪು, ಅಷ್ಟರಲ್ಲಿ ಆ ದಿನದ ಮಾಂಸ, ಸಾಸ್ ಎಲ್ಲ ಖಾಲಿಯಾಗಿರುತ್ತದೆ. ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಂಕಿತಾಧಿಕಾರಿಗೆ ಅಂದೇ ದೂರು ಕೊಡಿ. 2022ರ ಜನವರಿ 1ರಿಂದ ಬಿಲ್ಲಿನ ಮೇಲೆ 14 ಅಂಕಿಯ ಆಹಾರ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಡ್ಡಾಯವಾಗಿದೆ, ಅದನ್ನು ದೂರಿನಲ್ಲಿ ಬರೆಯಿರಿ. ಬೋರ್ಡಿನ ಹೆಸರು ಒಂದಾದರೆ ನಡೆಸುವವರು ಇನ್ನೊಬ್ಬರಿರುತ್ತಾರೆ. ಡಾಮಿನೋಸ್ ಇಲ್ಲಿ ಜುಬಿಲೆಂಟ್ ಫುಡ್‌ವರ್ಕ್ಸ್ ಕೈಯಲ್ಲಿರುವುದು ಎಷ್ಟು ಗ್ರಾಹಕರಿಗೆ ಗೊತ್ತು? ತಪ್ಪು ಹೆಸರಿಗೆ ಹೋದ ನೋಟಿಸ್ ಊರೂರು ಸುತ್ತುತ್ತದೆ.

ಕಂಪನಿಗೆ ಬರೆಯುವ ಪತ್ರ ಚಿಕ್ಕದಾಗಿರಲಿ. ಮಳಿಗೆ, ದಿನಾಂಕ, ಹೊತ್ತು, ಬಿಲ್ ಸಂಖ್ಯೆ, ಲಕ್ಷಣಗಳನ್ನು ಬರೆದು, ಈ ಆಹಾರದಿಂದ ಆಗಿರಬಹುದೆಂಬ ಅನುಮಾನವಿದೆ ಎಂದು ಹೇಳಿದರೆ ಸಾಕು. ಆ ದಿನದ ಸಿಸಿಟಿವಿ ದೃಶ್ಯ, ಶೈತ್ಯಾಗಾರದ ತಾಪಮಾನದ ದಾಖಲೆ, ಬಂದಿರುವ ಬೇರೆ ದೂರುಗಳನ್ನು ಅಳಿಸದೆ ಕಾಪಾಡಿ ಎಂದು ಕೇಳಿ. “ಹತ್ತು ಲಕ್ಷ ಕೊಡಿ, ಇಲ್ಲವೇ ವಿಡಿಯೊ ಹಾಕುತ್ತೇನೆ” ಎಂಬ ಒಂದು ಸಾಲು ಬರೆದ ದಿನವೇ ದೂರುದಾರ ಹೋಗಿ ಸುಲಿಗೆಕೋರ ಹುಟ್ಟುತ್ತಾನೆ. ಉತ್ತರವಾಗಿ ಸಾಮಾನ್ಯವಾಗಿ ಬರುವುದು ಉಚಿತ ಊಟದ ಕೂಪನ್. ಹೊಟ್ಟೆ ಕೆಡಿಸಿದ ಅಡುಗೆಮನೆಗೇ ಮತ್ತೆ ಕರೆಯುವ ಈ ಸೌಜನ್ಯ ನನಗೆ ಇಂದಿಗೂ ಅರ್ಥವಾಗಿಲ್ಲ. ಸ್ವೀಕರಿಸಿದರೆ ದೂರು ಇತ್ಯರ್ಥವಾದಂತೆ ಎಂಬ ಸಾಲು ಕೆಳಗಿದೆಯೇ ಎಂದು ನೋಡಿಕೊಳ್ಳಿ.

ಕೆಲವರು ಆಸ್ಟ್ರೇಲಿಯಾದ ಸುದ್ದಿ ಹಿಡಿದು ಬರುತ್ತಾರೆ. 2012ರಲ್ಲಿ ಅಲ್ಲಿನ ನ್ಯಾಯಾಲಯ ಒಬ್ಬ ಬಾಲಕಿಗೆ 80 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಲು ಕೆಎಫ್‌ಸಿಗೆ ಹೇಳಿದ್ದು ನಿಜ. ಆದರೆ ಆ ಬಾಲಕಿ 2005ರಲ್ಲಿ ಸಾಲ್ಮೊನೆಲ್ಲಾದಿಂದ ಮಿದುಳಿಗೆ ತೀವ್ರ ಹಾನಿಯಾದವಳು. ನಮ್ಮ ಆಹಾರ ಕಾಯ್ದೆಯ 65ನೇ ಕಲಮಿನಲ್ಲಿ ಸಾಮಾನ್ಯ ತೊಂದರೆಗೆ ಹೆಚ್ಚೆಂದರೆ 1 ಲಕ್ಷ, ಗಂಭೀರ ಹಾನಿಗೆ 3 ಲಕ್ಷ, ಸಾವಿಗೆ ಕನಿಷ್ಠ 5 ಲಕ್ಷ ರೂಪಾಯಿ. ಗ್ರಾಹಕ ಆಯೋಗದ ದಾರಿ ಬೇರೆ. ಎರಡು ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಬರ್ಗರಿನ ಬೆಲೆಯ ಪ್ರಕರಣಕ್ಕೆ ಶುಲ್ಕವಿಲ್ಲ.

ಒಪ್ಪತ್ತಿನ ಅಜ್ಜಿಯ ಅಫಿಡವಿಟ್ ಬರೆಸುವಾಗ ಅವರು ಸಹಿಗೆ ಮೊದಲು ಪೆನ್ನು ತಡೆದು ಕೇಳಿದರು: “ಅವಲಕ್ಕಿಗೆ ಹಿಂದಿನ ದಿನದ ಮೊಸರು ಹಾಕಿಕೊಂಡಿದ್ದೆ. ಅದನ್ನೂ ಬರೆಯಬೇಕೇನಪ್ಪ?” ಬರೆಸಿದೆ.