ಮೀನು ಬಿಡುವ ಮುನ್ನ ಎರಡು ಸೊನ್ನೆಗಳು

ಗಾಜಿನ ತೊಟ್ಟಿಗೆ ನೀರು ತುಂಬಿಸಿ ಫಿಲ್ಟರ್ ಚಾಲೂ ಮಾಡಿದ ಮರುದಿನವೇ ನೀರು ತಿಳಿಯಾಗುತ್ತದೆ. ಇನ್ನು ಮೀನು ಬಿಡುವುದಷ್ಟೇ ಬಾಕಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ನೀರಿಗೆ ಬಿಟ್ಟ ಮೀನುಗಳು ಒಂದೆರಡು ದಿನ ಲವಲವಿಕೆಯಿಂದ ಓಡಾಡಿ, ವಾರ ಕಳೆಯುವಷ್ಟರಲ್ಲಿ ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡತೊಡಗುವುದುಂಟು. ತಪ್ಪು ಮೀನಿನದಲ್ಲ. ಅದರ ಹೊಲಸನ್ನು ಅರಗಿಸಿಕೊಳ್ಳಬೇಕಾದ ಜೀವಿಗಳು ಆ ತೊಟ್ಟಿಯಲ್ಲಿ ಇನ್ನೂ ನೆಲೆಯೂರಿರುವುದಿಲ್ಲ.

ಮೀನು ತನ್ನ ದೇಹದ ಸಾರಜನಕದ ತ್ಯಾಜ್ಯವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ, ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯಾವನ್ನೇ ಕೊಡುತ್ತದೆ. ಇದು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಅಷ್ಟೇನೂ ಹಾನಿ ಮಾಡದ ಅಮೋನಿಯಂ ಅಯಾನು ಮತ್ತು ಕಿವಿರನ್ನು ಸುಡುವ ಮುಕ್ತ ಅಮೋನಿಯಾ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಪಿಹೆಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) 7ರಲ್ಲಿ ಮುಕ್ತ ರೂಪದ ಪಾಲು ಸುಮಾರು ಶೇಕಡಾ ಅರ್ಧದಷ್ಟು. ಪಿಹೆಚ್ 8ಕ್ಕೆ ಏರಿದರೆ ಅದು ಶೇಕಡಾ 5ನ್ನು ದಾಟುತ್ತದೆ. ಪರೀಕ್ಷೆಯಲ್ಲಿ ಅಮೋನಿಯಾದ ಒಟ್ಟು ಪ್ರಮಾಣ ಒಂದೇ ಬಂದರೂ ಒಂದು ತೊಟ್ಟಿಯ ಮೀನು ಸಹಿಸಿಕೊಂಡು ಇನ್ನೊಂದರ ಮೀನು ಸಾಯುವುದಕ್ಕೆ ಇದೂ ಒಂದು ಕಾರಣ.

ಅಮೋನಿಯಾವನ್ನು ಉಂಡು ನೈಟ್ರೈಟ್ ಮಾಡುವ ಸೂಕ್ಷ್ಮಜೀವಿಗಳು ಒಂದು ಗುಂಪು, ನೈಟ್ರೈಟನ್ನು ನೈಟ್ರೇಟ್ ಮಾಡುವವು ಇನ್ನೊಂದು ಗುಂಪು. ಈ ಎರಡು ಹಂತಗಳನ್ನು 1890ರ ಸುಮಾರಿಗೆ ಬಿಡಿಸಿ ತೋರಿಸಿದವರು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ. ಎರಡನೆಯ ಕೆಲಸ ಬ್ಯಾಕ್ಟೀರಿಯಾಗಳಲ್ಲೊಂದಾದ ನೈಟ್ರೋಬ್ಯಾಕ್ಟರ್‌ನದೆಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ನೈಟ್ರೋಸ್ಪೈರಾ ಎಂಬ ಬೇರೊಂದು ಬ್ಯಾಕ್ಟೀರಿಯಾ ಎಂಬುದು 1990ರ ದಶಕದಲ್ಲಿ ತಿಳಿದುಬಂತು. ಎರಡೂ ಹಂತಗಳನ್ನು ಒಂಟಿಯಾಗಿಯೇ ಪೂರೈಸಬಲ್ಲ ನೈಟ್ರೋಸ್ಪೈರಾಗಳೂ ಇವೆಯೆಂದು 2015ರಲ್ಲಿ ಗೊತ್ತಾದಾಗ, ಅಂಥವು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಕೂಡ ಒಂದಾಗಿತ್ತು. ಇವೆಲ್ಲ ಬಲು ನಿಧಾನದ ಜೀವಿಗಳು. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಗಳಲ್ಲಿ ಇಮ್ಮಡಿಯಾಗುವ ಬ್ಯಾಕ್ಟೀರಿಯಾಗಳಿರುವ ಲೋಕದಲ್ಲಿ ಇವಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಕಾಲ ಬೇಕು. ಇವು ಸಾಕಷ್ಟು ಬೆಳೆದು ಹೊಸ ತೊಟ್ಟಿ ಪಕ್ವವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುವುದು ಅದಕ್ಕೇ.

ಆದರೆ ವಾರಗಳನ್ನು ಎಣಿಸಿ ನಿರ್ಧರಿಸುವುದು ಸರಿಯಲ್ಲ, ತೊಟ್ಟಿಯನ್ನೇ ಕೇಳಬೇಕು. ಮೀನಿಲ್ಲದ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂನಷ್ಟು ಅಮೋನಿಯಾ ಬೀಳುವಂತೆ ಸುವಾಸನೆಯಾಗಲಿ ಸಾಬೂನಾಗಲಿ ಬೆರೆಯದ ಅಮೋನಿಯಾ ದ್ರಾವಣವನ್ನು ಹಾಕಿ (ಬಾಟಲಿ ಕುಲುಕಿದಾಗ ಎದ್ದ ನೊರೆ ಇಳಿಯದಿದ್ದರೆ ಅದನ್ನು ಬಳಸಲೇಬಾರದು), ದಿನ ಬಿಟ್ಟು ದಿನ ಪರೀಕ್ಷಾ ಕಿಟ್‌ನಿಂದ ನೋಡುತ್ತಿರಬೇಕು. ಸಾಮಾನ್ಯವಾಗಿ ಬಳಸುವ ಒಂದು ಬಗೆಯ ಕಿಟ್‌ನಲ್ಲಿ ಅಮೋನಿಯಾ ಅಳೆಯುವ ಕೊಳವೆಯ ನೀರು ಮೊದಮೊದಲು ಗಾಢ ಹಸಿರಾಗಿರುತ್ತದೆ. ದಿನಗಳು ಉರುಳಿದಂತೆ ಹಸಿರು ತಿಳಿಯಾಗಿ ಹಳದಿಯತ್ತ ತಿರುಗುತ್ತದೆ. ಅಷ್ಟರಲ್ಲಿ ತಿಳಿನೀಲಿಯಾಗಿದ್ದ ನೈಟ್ರೈಟ್ ಕೊಳವೆ ನೇರಳೆಯಾಗಿ, ವಾರಗಟ್ಟಲೆ ಹಾಗೆಯೇ ನಿಂತುಬಿಡುತ್ತದೆ. ತಾಳ್ಮೆ ಕೆಡುವುದು ಇಲ್ಲಿಯೇ. ಮೀನು ಬಿಡಬಾರದ ಘಟ್ಟವೂ ಇದೇ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾರ್ಪಡಿಸುವುದರಿಂದ, ನೀರಿನಲ್ಲಿ ಆಮ್ಲಜನಕ ತುಂಬಿದ್ದರೂ ಮೀನು ಉಸಿರುಗಟ್ಟುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ.

ನೀರು ತುಂಬಿಸಿದ ಮೊದಲ ದಿನವೂ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಪಕ್ವವಾದ ದಿನವೂ ಅದೇ ಎರಡು ಸೊನ್ನೆ. ಮೊದಲಿನದು ಏನೂ ಹಾಕದ್ದರಿಂದ ಬಂದ ಸೊನ್ನೆ, ಎರಡನೆಯದು ಹಾಕಿದ್ದನ್ನೆಲ್ಲ ಉಂಡು ಮುಗಿಸಿದ ಸೊನ್ನೆ. ಆದ್ದರಿಂದ ತೊಟ್ಟಿಯ ಶಕ್ತಿಯನ್ನು ಪರೀಕ್ಷಿಸಬೇಕಾದದ್ದು ಹೀಗೆ: 2 ಮಿಲಿಗ್ರಾಂ ಲೆಕ್ಕದ ಅಮೋನಿಯಾ ಹಾಕಿ, 24 ಗಂಟೆಗಳ ನಂತರ ಎರಡೂ ಸೊನ್ನೆಗೆ ಇಳಿದಿವೆಯೇ ಎಂದು ನೋಡುವುದು, ಮರುದಿನವೂ ಅದನ್ನೇ ಮಾಡಿ ಖಚಿತಪಡಿಸಿಕೊಳ್ಳುವುದು. ನೈಟ್ರೇಟ್ ಕಂಡಿತೆಂಬುದನ್ನಷ್ಟೇ ನಂಬಿ ಮುಂದುವರಿಯಬಾರದು, ಏಕೆಂದರೆ ನೈಟ್ರೇಟಿನ ಅನೇಕ ಕಿಟ್‌ಗಳು ನೈಟ್ರೈಟನ್ನೂ ಸೇರಿಸಿಯೇ ತೋರಿಸುತ್ತವೆ.

ಇಳಿಕೆ ನಡುವೆಯೇ ನಿಂತುಹೋದರೆ ಪಿಹೆಚ್ ನೋಡಬೇಕು. ಅಮೋನಿಯಾದ ಉತ್ಕರ್ಷಣೆಯಲ್ಲಿ, ಅಂದರೆ ಅದು ನೈಟ್ರೈಟ್ ಆಗುವಾಗ, ಆಮ್ಲ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳುವ ಕಾರ್ಬೊನೇಟುಗಳು ಮೃದುನೀರಿನಲ್ಲಿ ಬೇಗ ಮುಗಿದು, ಪಿಹೆಚ್ ಕುಸಿದು, ಸೂಕ್ಷ್ಮಜೀವಿಗಳ ಕೆಲಸ ನಿಲ್ಲುತ್ತದೆ. ಕ್ಲೋರಿನ್ ತೆಗೆಯದ ನಲ್ಲಿನೀರೂ ಅವನ್ನು ಕೊಲ್ಲುತ್ತದೆ.

ಹಳೆಯ ತೊಟ್ಟಿಯ ನೀರನ್ನು ತಂದು ಸುರಿದರೆ ಹೆಚ್ಚು ಪ್ರಯೋಜನವಿಲ್ಲ. ಈ ಜೀವಿಗಳು ನೀರಿನಲ್ಲಿ ತೇಲುವುದು ಕಡಿಮೆ. ಸ್ಪಂಜಿನ ರಂಧ್ರಗಳಲ್ಲಿ, ಜಲ್ಲಿಯ ಮೇಲೆ ತೆಳುವಾದ ಲೋಳೆಯಾಗಿ ಅಂಟಿಕೊಂಡಿರುತ್ತವೆ. ರೋಗವಿಲ್ಲದ ತೊಟ್ಟಿಯ ಫಿಲ್ಟರಿನಿಂದ ಕಂದುಬಣ್ಣದ ಸ್ಪಂಜಿನ ಒಂದು ತುಂಡು ಸಿಕ್ಕರೆ ಅದು ನಿಜವಾದ ಸಹಾಯ. ಅದನ್ನು ಒಣಗಲು ಬಿಡದೆ ಹೊಸ ಫಿಲ್ಟರಿನೊಳಗೆ ಇಟ್ಟರೆ ವಾರಗಳ ಕಾಯುವಿಕೆ ಉಳಿಯಬಹುದು.

ಎರಡು ಸೊನ್ನೆ ಬಂದ ಮೇಲೆ, ಶೇಖರವಾದ ನೈಟ್ರೇಟ್ ಇಳಿಯುವಂತೆ ಬಹುಪಾಲು ನೀರನ್ನು ಬದಲಿಸಿ, ಮೀನು ತರುವ ಹಿಂದಿನ ದಿನದವರೆಗೂ ಸೂಕ್ಷ್ಮಜೀವಿಗಳಿಗೆ ಸ್ವಲ್ಪ ಸ್ವಲ್ಪ ಅಮೋನಿಯಾ ಉಣಿಸುತ್ತಿರಬೇಕು. ಮೊದಲಿಗೆ ಕೆಲವೇ ಮೀನುಗಳನ್ನು ಬಿಟ್ಟು, ಆಹಾರ ಕಡಿಮೆ ಹಾಕಿ, ಮೊದಲ ವಾರ ದಿನವೂ ಆ ಎರಡು ಕೊಳವೆಗಳ ಬಣ್ಣ ನೋಡಬೇಕು. ಹಳದಿ ಹಳದಿಯಾಗಿಯೇ, ನೀಲಿ ನೀಲಿಯಾಗಿಯೇ ಉಳಿದರೆ ಮುಂದಿನ ಮೀನುಗಳನ್ನು ತರಬಹುದು.