ಬಿಸಿನೀರಿನ ಟಬ್: ಮೊದಲು ಕೆಳಗೆ ಏನಿದೆ ನೋಡಿ

"ಟೆರೇಸಿನ ಮೇಲೆ 5,000 ಲೀಟರಿನ ಟ್ಯಾಂಕೇ ಕೂತಿದೆಯಲ್ಲ ಸಾರ್, 1,000 ಲೀಟರಿನ ಹಾಟ್ ಟಬ್ ಇಟ್ಟರೆ ಏನಾಗುತ್ತೆ?" ಪುಣೆಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಆಗಿರುವ ನನ್ನನ್ನು ಈಚೆಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಾಟ್ ಟಬ್ ಎಂದರೆ ನಾಲ್ಕೈದು ಜನ ಕೂರುವ, ಪಂಪೂ ಹೀಟರೂ ಇರುವ ಬಿಸಿನೀರಿನ ತೊಟ್ಟಿ. ಬಾಣೇರ್, ಬಾವಧನ್ ಕಡೆ ಟೆರೇಸ್ ಫ್ಲ್ಯಾಟ್ ತಗೊಂಡವರು ಕೇಳುತ್ತಾರೆ, ಲೋನಾವಳದಲ್ಲಿ ಬಂಗಲೆ ಕಟ್ಟಿಸಿದವರು ಕೇಳುತ್ತಾರೆ. ಉಡುಪಿ, ಕುಂದಾಪುರದಿಂದ ಬಂದು ದುಡಿದು, ಹೋಟೆಲ್ಲನ್ನು ಈಗ ಮಕ್ಕಳ ಕೈಗೆ ಕೊಟ್ಟಿರುವ ಹಿರಿಯರೂ ಕೇಳುತ್ತಾರೆ. ಊರಿನ ಬಚ್ಚಲಿನ ಹಂಡೆನೀರು ತಪ್ಪಿ ಎಷ್ಟೋ ಕಾಲವಾಗಿರುತ್ತದೆ, ಮಂಡಿ ನೋಯುತ್ತಿರುತ್ತದೆ. ಈ ಆಸೆಯನ್ನು ನಾನು ಯಾವತ್ತೂ ಹಗುರವಾಗಿ ಕಂಡಿಲ್ಲ. ಆದರೆ ಹೆಚ್ಚಿನವರು ಟಬ್ಬಿಗೆ ಮುಂಗಡ ಕೊಟ್ಟಾದ ಮೇಲೆ ಫೋನ್ ಮಾಡುತ್ತಾರೆ. ಆ ಫೋನ್ ಮುಂಗಡಕ್ಕಿಂತ ಮೊದಲು ಬರಬೇಕು.

ಟ್ಯಾಂಕಿನ ಮಾತಿಗೆ ಉತ್ತರ ಸರಳ. ಟ್ಯಾಂಕು ಸಾಮಾನ್ಯವಾಗಿ ಬರಿಯ ಸ್ಲ್ಯಾಬಿನ ಮೇಲೆ ಕೂತಿರುವುದಿಲ್ಲ. ಮೆಟ್ಟಿಲು ಅಥವಾ ಲಿಫ್ಟಿನ ಭಾಗದ ಕಾಲಂಗಳನ್ನು ಮೇಲೆತ್ತಿ, ಬೀಮ್ ಹಾಕಿ, ಅಷ್ಟು ನೀರಿನ ಭಾರವನ್ನು ಲೆಕ್ಕಕ್ಕೆ ಹಿಡಿದೇ ಅದಕ್ಕೆ ಜಾಗ ಮಾಡಿರುತ್ತಾರೆ. ಟಬ್ ಇಡಲು ನೀವು ಆರಿಸುವ ಜಾಗ ಬೇರೆ. ಬೆಟ್ಟ ಚೆನ್ನಾಗಿ ಕಾಣುವ ಮೂಲೆಯೋ ಟೆರೇಸಿನ ನಟ್ಟನಡುವೆಯೋ ಆಗಿರುತ್ತದೆ. ಆ ಭಾರ ಬರುತ್ತದೆಂದು ಅಲ್ಲಿ ಯಾರೂ ಎಣಿಸಿರುವುದಿಲ್ಲ.

ಎರಡನೆಯ ವಾದ ಇನ್ನೂ ಗಟ್ಟಿ ಎನಿಸುತ್ತದೆ: "ಮೊಮ್ಮಗಳ ಬರ್ತ್‌ಡೇಗೆ 60 ಜನ ಟೆರೇಸಿನಲ್ಲೇ ಊಟ ಮಾಡಿದ್ದಾರೆ ಮಾರಾಯ್ರೆ, ಆಗ ಏನೂ ಆಗಲಿಲ್ಲ." ಲೆಕ್ಕ ಹಾಕೋಣ. ತಲೆಗೆ 65 ಕೆಜಿಯಂತೆ 60 ಜನ ಅಂದರೆ 3,900 ಕೆಜಿ. ಅವರು 100 ಚದರ ಮೀಟರಿನಲ್ಲಿ ಹರಡಿ ನಿಂತರೆ ಚದರ ಮೀಟರಿಗೆ 40 ಕೆಜಿಯೂ ಬೀಳುವುದಿಲ್ಲ. ಈಗ ನಾಲ್ಕು ಜನ ಕೂರುವ ಟಬ್ ನೋಡಿ. ಉದ್ದ ಅಗಲ 2 ಮೀಟರ್, ಖಾಲಿ ತೂಕ 300 ಕೆಜಿ ಎಂದಿಟ್ಟುಕೊಳ್ಳಿ. ನೀರು 1,100 ಲೀಟರ್, ಅಂದರೆ 1,100 ಕೆಜಿ. ನಾಲ್ಕು ಜನರಿಗೆ 280 ಕೆಜಿ. ಒಟ್ಟು 1,680 ಕೆಜಿಯಷ್ಟು ಭಾರ 4 ಚದರ ಮೀಟರಿನಲ್ಲಿ, ಎಂದರೆ ಚದರ ಮೀಟರಿಗೆ 420 ಕೆಜಿ. ಕಟ್ಟಡದ ಭಾರದ ಲೆಕ್ಕಕ್ಕೆಂದೇ ಇರುವ ನಮ್ಮ ಐಎಸ್ 875 ಸಂಹಿತೆ ಮನೆಯ ಕೋಣೆಗೆ ಹಿಡಿಯಲು ಹೇಳುವ ಲೈವ್ ಲೋಡ್ (ಜನ, ಸಾಮಾನಿನ ಭಾರ) ಚದರ ಮೀಟರಿಗೆ ಸುಮಾರು 200 ಕೆಜಿ, ಜನ ಓಡಾಡುವ ಟೆರೇಸಿಗೆ ಸುಮಾರು 150 ಕೆಜಿ.

ಇಷ್ಟಕ್ಕೇ ಸ್ಲ್ಯಾಬ್ ಬಿದ್ದುಹೋಗುತ್ತದೆ ಎನ್ನುವುದು ತಪ್ಪು. ಸಂಹಿತೆ ಇಡೀ ಕೋಣೆಗೆ ಭಾರ ಹೊರಿಸಿ ಲೆಕ್ಕ ಹಾಕುತ್ತದೆ, ಟಬ್ ಇರುವುದು ಒಂದು ಭಾಗದಲ್ಲಿ ಮಾತ್ರ. ಅದು ಬೀಮಿನ ಪಕ್ಕ ಕೂತರೆ ಸ್ಲ್ಯಾಬಿಗೆ ಬಾಗುವ ಒತ್ತಡ ಕಡಿಮೆ, ನಡುವೆ ಕೂತರೆ ಬಹಳ ಹೆಚ್ಚು. ಅದಕ್ಕೇ ನಾನು ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಡ್ರಾಯಿಂಗ್ ಕೇಳುವುದು. ಬೀಮ್ ಎಲ್ಲಿದೆ, ಸ್ಲ್ಯಾಬ್ ಎಷ್ಟು ದಪ್ಪ, ಸರಳು ಎಷ್ಟು ಎಂಎಂ, ಎಷ್ಟು ಅಂತರಕ್ಕೆ ಹಾಕಿದ್ದಾರೆ ಎನ್ನುವುದು ತಿಳಿದರೆ ಅರ್ಧ ದಿನದಲ್ಲಿ ಉತ್ತರ ಹೇಳಬಹುದು. ಡ್ರಾಯಿಂಗ್ ಸಿಗದಿದ್ದರೆ ಸ್ಕ್ಯಾನರ್ ಹಿಡಿದು ಸರಳು ಹುಡುಕಬೇಕು. ಇನ್ನೊಂದು ವಿಷಯ: ಪಾರ್ಟಿಗೆ ಬಂದವರು ರಾತ್ರಿ ಮನೆಗೆ ಹೋಗುತ್ತಾರೆ, ಟಬ್ಬಿನ ನೀರು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಒಂದೇ ಸಮನೆ ಕೂತ ಭಾರಕ್ಕೆ ಕಾಂಕ್ರೀಟು ವರ್ಷಗಳ ಕಾಲ ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಬಿರುಕು ಕಾಣುವುದು ಆಮೇಲೆ.

ಟೆರೇಸಿನಲ್ಲೇ ಬೇಕು ಎಂದಾದರೆ ನನಗೆ ಒಪ್ಪಿಗೆಯಾಗುವ ದಾರಿ ಒಂದಿದೆ. ಉಕ್ಕಿನ ಐ-ಸೆಕ್ಷನ್ ಫ್ರೇಮ್ ಮಾಡಿಸಿ, ಅದರ ಕಾಲುಗಳನ್ನು ಕೆಳಗಿನ ಬೀಮ್ ಅಥವಾ ಕಾಲಂ ಇರುವ ಜಾಗಕ್ಕೇ ಇಳಿಸಿ, ಟಬ್ಬನ್ನು ಅದರ ಮೇಲೆ ಕೂರಿಸುವುದು. ಆಗ ಸ್ಲ್ಯಾಬಿನ ಮೇಲೆ ಭಾರವೇ ಬೀಳುವುದಿಲ್ಲ. ಆ ಬೀಮೂ ಕಾಲಮೂ ಇದನ್ನು ಹೊರುತ್ತವೆಯೇ ಎಂಬ ಲೆಕ್ಕ ಮಾತ್ರ ಬಿಡುವ ಹಾಗಿಲ್ಲ.

ಬಾಲ್ಕನಿಗೆ ಮಾತ್ರ ನಾನು ಸಹಿ ಹಾಕುವುದಿಲ್ಲ, ಯಾರು ಕೇಳಿದರೂ ಇಲ್ಲ. ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿನಲ್ಲಿ ಭಾರ ಹಿಡಿಯುವ ಸರಳು ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಸುರಿಯುವ ದಿನ ಕೆಲಸದವರು ಅದರ ಮೇಲೇ ಓಡಾಡಿ ತುಳಿದು ಕೆಳಗಿಳಿಸಿರುವುದು ಸಾಮಾನ್ಯ. ಡ್ರಾಯಿಂಗಿನಲ್ಲಿ ಸರಿಯಿದ್ದ ಬಾಲ್ಕನಿ ನಿಜದಲ್ಲಿ ಅರ್ಧ ಬಲದ್ದಾಗಿರಬಹುದು. ಮಾಮೂಲಿ ಸ್ಲ್ಯಾಬ್ ಬಾಗಿ, ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತದೆ. ಇದು ಬೀಳುವಾಗ ಅಷ್ಟು ಸಮಯ ಕೊಡದೆ ಇರಬಹುದು, ಮತ್ತು ಅದರ ಅಡಿಯಲ್ಲಿ ಯಾರದೋ ಮಗು ಆಡುತ್ತಿರುತ್ತದೆ.

ನೀರು ಸೋರುವುದರ ಬಗ್ಗೆಯೂ ಹೇಳಬೇಕು. ಪುಣೆ, ಮುಂಬೈಯ ಟೆರೇಸುಗಳ ಮೇಲೆ ವಾಟರ್‌ಪ್ರೂಫಿಂಗಿಗೆ ಇಟ್ಟಿಗೆ ಚೂರಿನ ಕೋಬಾ ಹಾಕುವುದು ವಾಡಿಕೆ. ಟಬ್ಬಿನ ಫ್ರೇಮಿಗೆ ಬೋಲ್ಟ್ ಹೊಡೆಯಲು ಡ್ರಿಲ್ ಹಾಕಿದರೆ ಕೋಬಾ ತೂತಾಗುತ್ತದೆ. ಟಬ್ಬಿನ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಬರಬರುತ್ತಾ ಕ್ಲೋರೈಡ್ ಆಗಿ ಸ್ಲ್ಯಾಬಿನೊಳಗೆ ಇಳಿದರೆ ಸರಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಸಮುದ್ರದ ಗಾಳಿಗೆ ಮೊದಲೇ ಸೊರಗಿದ ಮುಂಬೈ ಕಟ್ಟಡಗಳಿಗೆ ಇದು ಇನ್ನೊಂದು ಪೆಟ್ಟು. ಅಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಮುಲುಂಡ್, ಡೊಂಬಿವಲಿಯ ಹಳೆಯ ಸೊಸೈಟಿಯಲ್ಲಿ ಇರುವ ನಮ್ಮವರು ಟಬ್ಬಿನ ವಿಚಾರವನ್ನು ಆ ವರದಿ ಓದಿದ ಮೇಲೆ ಎತ್ತಿಕೊಳ್ಳಲಿ. ಕೆಲಸ ಮುಗಿದ ಮೇಲೆ ಟೆರೇಸಿನಲ್ಲಿ ಎರಡು ಮೂರು ದಿನ ನೀರು ಕಟ್ಟಿ, ಕೆಳಗಿನ ಮನೆಯ ಸೀಲಿಂಗ್ ನೋಡಿ ಪರೀಕ್ಷಿಸಿ. ಸೊಸೈಟಿಯ ಎನ್‌ಒಸಿಯನ್ನು ಬರವಣಿಗೆಯಲ್ಲೇ ತಗೊಳ್ಳಿ.

ಸ್ವಂತ ಜಾಗವಿದ್ದರೆ ನೆಲದ ಮೇಲೆ ಇಡುವುದೇ ಮೇಲು. ಪುಣೆಯ ಸುತ್ತ ಕಪ್ಪು ಎರೆಮಣ್ಣು ಸಿಕ್ಕಿದರೆ ಎಚ್ಚರ ಬೇಕು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಮಣ್ಣು ಅದು. ಅದನ್ನು ತೆಗೆಸಿ, ಮುರುಮ್ (ಗರಸು ಮಣ್ಣು) ತುಂಬಿಸಿ ಪದರ ಪದರವಾಗಿ ದಮ್ಮಸು ಮಾಡಿಸಿ, ಮೇಲೆ ಪಿಸಿಸಿ (ಸರಳಿಲ್ಲದ ಕಾಂಕ್ರೀಟ್), ಅದರ ಮೇಲೆ 150 ಎಂಎಂ ಆರ್‌ಸಿಸಿ ಹಾಕಿಸಿ. ಒಂದು ಮೂಲೆ ಕುಸಿದರೂ ಅಕ್ರಿಲಿಕ್ ಟಬ್ ಸೀಳಬಹುದು.

ಕರೆಂಟಿನ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿಗೇ ಕೊಡಿ. ಟಬ್ಬಿಗೆ ಪ್ರತ್ಯೇಕ ಲೈನ್, ಒಳ್ಳೆಯ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಬ್ರೇಕರ್) ಇರಲೇಬೇಕು. ಸ್ವಿಚ್ಚು ನೀರಿನಲ್ಲಿ ಕೂತವರ ಕೈಗೆ ಎಟುಕದಷ್ಟು, ಕನಿಷ್ಠ 2 ಮೀಟರ್ ದೂರ ಇರಲಿ. ಅಮೆರಿಕದಿಂದ ಬಂದ ಹಳೆಯ ಟಬ್ ಅಗ್ಗಕ್ಕೆ ಸಿಗುತ್ತದೆಂದು ತೆಗೆದುಕೊಳ್ಳಬೇಡಿ. ಅಲ್ಲಿನ ವಿದ್ಯುತ್ 60 ಹರ್ಟ್ಜ್, ನಮ್ಮದು 50. ಪಂಪಿನ ಮೋಟಾರು ಇಲ್ಲಿ ನಿಧಾನವಾಗಿ ತಿರುಗಿ ನೀರು ಕಡಿಮೆ ತಳ್ಳುತ್ತದೆ, ಬಿಸಿಯಾಗಿ ಸುಡಲೂಬಹುದು.

ಪಂಪು ಟಬ್ಬಿನ ನೀರನ್ನು ಎಳೆದುಕೊಳ್ಳುವ ಹೀರುಬಾಯಿಯ ಜಾಲರಿಯನ್ನು ನೀವೇ ಬಗ್ಗಿ ನೋಡಿ. 2002ರಲ್ಲಿ ಅಮೆರಿಕದಲ್ಲಿ 7 ವರ್ಷದ ಹುಡುಗಿಯೊಬ್ಬಳು ಹಾಟ್ ಟಬ್ಬಿನ ತಳದ ಹೀರುಬಾಯಿಗೆ ಸಿಕ್ಕಿ, ಬಿಡಿಸಿಕೊಳ್ಳಲಾಗದೆ ಮುಳುಗಿ ಸತ್ತಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಕಾಯ್ದೆ ಬಂತು. ಹೀರುಬಾಯಿ ಕನಿಷ್ಠ ಎರಡು ಇರಬೇಕು, ಪರಸ್ಪರ ದೂರ ಇರಬೇಕು, ಜಾಲರಿ ಒಡೆದಿದ್ದರೆ ಆ ದಿನ ಟಬ್ಬಿಗೆ ಇಳಿಯಬಾರದು. ಮುಚ್ಚಳಕ್ಕೆ ಬೀಗ ಇರಲಿ, ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿಯೇ ಇಲ್ಲ.

ನೀರು ಬೆಚ್ಚಗಿದ್ದಷ್ಟೂ ರೋಗಾಣುವಿಗೆ ಹಿತ. ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಆವಿಯ ಹನಿಗಳ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. 1999ರಲ್ಲಿ ನೆದರ್‌ಲ್ಯಾಂಡ್ಸಿನ ಬೋವೆನ್‌ಕಾರ್ಸ್ಪೆಲ್ ಊರಿನ ಪುಷ್ಪ ಪ್ರದರ್ಶನದಲ್ಲಿ ನೋಡಲೆಂದು ಇಟ್ಟಿದ್ದ ಟಬ್ಬಿನಿಂದ ಇದು ಹರಡಿ 30ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಆ ನೀರನ್ನು ಮುಟ್ಟಿಯೂ ಇರಲಿಲ್ಲ, ಪಕ್ಕದಲ್ಲಿ ಹಾದುಹೋಗಿದ್ದರು ಅಷ್ಟೆ. ಕ್ಲೋರಿನ್ ಕನಿಷ್ಠ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ), ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7ರಿಂದ 7.8ರ ನಡುವೆ ಇದೆಯೇ ಎಂದು ಇಳಿಯುವ ಮುನ್ನ ಪ್ರತಿಸಲ ಪರೀಕ್ಷಾ ಪಟ್ಟಿ ಅದ್ದಿ ನೋಡಬೇಕು. ಈ ಕೆಲಸ ಮನೆಯಲ್ಲಿ ಯಾರದು ಎಂದು ಕೊಳ್ಳುವ ಮೊದಲೇ ತೀರ್ಮಾನವಾಗಲಿ. ಯಾರೂ ಒಪ್ಪದಿದ್ದರೆ ಟಬ್ ಬೇಡ.

ನೀರಿನ ಮೂಲವೂ ಮುಖ್ಯ. ಭಾತ್ಸಾ, ತಾನ್ಸಾ ಕಡೆಯಿಂದ ಬರುವ ಮುಂಬೈ ನೀರು ಮೆದು. ಪುಣೆಯ ಹೊರವಲಯಕ್ಕೆ ಟ್ಯಾಂಕರಿನಲ್ಲಿ ಬರುವ ಬೋರ್ ನೀರು ಗಡಸು. ಹೀಟರಿನ ಮೇಲೆ ಬಿಳಿ ಸುಣ್ಣ ಕಟ್ಟಿ, ಬಿಸಿಯಾಗಲು ಹೊತ್ತು ಹಿಡಿದು, ಕೊನೆಗೆ ಹೀಟರೇ ಹೋಗುತ್ತದೆ. ಗಡಸುತನವನ್ನು ಲ್ಯಾಬಿನಲ್ಲಿ ಪರೀಕ್ಷಿಸಿಕೊಳ್ಳಿ, ಖರ್ಚು ತೀರಾ ಕಡಿಮೆ. ಕರೆಂಟ್ ಬಿಲ್ಲಿನ ಲೆಕ್ಕವೂ ಸುಲಭ: ಪುಣೆಯ ಚಳಿಗಾಲದಲ್ಲಿ 22 ಡಿಗ್ರಿಯ 1,100 ಲೀಟರನ್ನು 38ಕ್ಕೆ ಏರಿಸಲು 20 ಯೂನಿಟ್ಟಿನಷ್ಟು ಬೇಕು, 3 ಕಿಲೋವಾಟ್ ಹೀಟರಿಗೆ ಏಳು ತಾಸಿನ ಕೆಲಸ. ಆಮೇಲೆ ಶಾಖ ಹೆಚ್ಚಾಗಿ ಹೋಗುವುದು ಮೇಲ್ಮೈಯಿಂದ ಆವಿಯಾಗಿ. ಹಾಗಾಗಿ ದಪ್ಪ ಮುಚ್ಚಳಕ್ಕೆ ಕೊಟ್ಟ ದುಡ್ಡು ಬೇಗ ವಾಪಸ್ ಬರುತ್ತದೆ.

ಮಂಡಿನೋವಿಗೆಂದೇ ಕೇಳುವ ಹಿರಿಯರಿಗೆ ನನ್ನ ಸಲಹೆ ಬೇರೆಯೇ ಇದೆ. ಇಂಥ ಟಬ್ಬಿಗೆ ಜನ ಕರೆಯುವ ಹೆಸರು ಕೊಟ್ಟ ಕ್ಯಾಲಿಫೋರ್ನಿಯಾದ ಜಾಕುಝಿ ಮನೆತನದವರು ತೋಟದ ಪಂಪ್ ಮಾಡುತ್ತಿದ್ದವರು. ಸಂಧಿವಾತದ ಮಗನಿಗಾಗಿ ಕ್ಯಾಂಡಿಡೊ ಜಾಕುಝಿ ಮಾಡಿದ್ದು ಮಾಮೂಲಿ ಬಾತ್‌ಟಬ್ಬಿಗೆ ಇಳಿಬಿಡುವ ಪಂಪು, 1956ರಲ್ಲಿ ಅದು ಮಾರಾಟಕ್ಕೆ ಬಂತು. ಐದು ಜನ ಕೂರುವ ದೊಡ್ಡ ತೊಟ್ಟಿ ಆಗಲೂ ಬೇಕಾಗಿರಲಿಲ್ಲ. ನೆಲಮಹಡಿಯ ಬಚ್ಚಲಿನಲ್ಲಿ ಗೋಡೆಗೆ ಒತ್ತಿ ಒಬ್ಬರ ಸಾದಾ ಬಾತ್‌ಟಬ್, ಪಕ್ಕದಲ್ಲಿ ಹಿಡಿದು ಏಳಲು ಗಟ್ಟಿ ಸ್ಟೀಲ್ ಹಿಡಿಕೆ, ಜಾರದ ಟೈಲ್ಸ್. ಗೀಸರಿನ ನೀರು ತುಂಬಿ, ಮಿಂದು, ಬಿಟ್ಟುಬಿಡುವುದು. ನೀರು ನಿಲ್ಲದ ಕಡೆ ಔಷಧ ಹಾಕುವ ಚಿಂತೆ ಇಲ್ಲ. ಯಾವುದಾದರೂ ಸರಿ, 40 ಡಿಗ್ರಿ ಮೀರಬಾರದು, 15 ನಿಮಿಷ ಸಾಕು. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬಾರದು. ಕುಡಿದು ಇಳಿಯುವುದಂತೂ ಬೇಡವೇ ಬೇಡ.

ಅಂಗಡಿಗೆ ಹೋದಾಗ ಈ ಮೂರನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ನೀರು ತುಂಬಿದಾಗಿನ ಒಟ್ಟು ತೂಕ, ಅಡಿಪಾಯ ಹೇಗಿರಬೇಕೆಂಬ ಡ್ರಾಯಿಂಗ್, ರಿಪೇರಿಗೆ ಯಾವ ಬದಿ ಎಷ್ಟು ಜಾಗ ಬಿಡಬೇಕು ಎಂಬ ಅಳತೆ. ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವು ಎರಡನ್ನೂ ಅಳೆಯಿರಿ, ಕ್ರೇನ್ ಬೇಕಾದರೆ ಗಲ್ಲಿಯಲ್ಲಿ ವಿದ್ಯುತ್ ತಂತಿ ಇದೆಯೇ ನೋಡಿ. ಕೆಲವು ತಿಂಗಳಿಗೊಮ್ಮೆ 1,100 ಲೀಟರ್ ಹೊರಗೆ ಬಿಡಬೇಕಾಗುತ್ತದೆ. ಟೆರೇಸಿನ ಮಳೆನೀರಿನ ಪೈಪು ಅದನ್ನು ತಡೆಯಿಲ್ಲದೆ ಒಯ್ಯುತ್ತದೆಯೇ ಎಂದು ಮೊದಲೇ ಬಕೆಟ್ಟಿನಿಂದ ಸುರಿದು ನೋಡಿ. ಗಿಡಗಳಿಗೆ ಬಿಡುವುದಾದರೆ ಒಂದೆರಡು ದಿನ ಕ್ಲೋರಿನ್ ಹಾಕದೆ ಮುಚ್ಚಳ ತೆಗೆದಿಟ್ಟು, ಪಟ್ಟಿ ಅದ್ದಿದಾಗ ಸೊನ್ನೆ ತೋರಿದ ಮೇಲೆ ಬಿಡಿ.